ಹಕ್ಕು ಬಿಡಬೇಕೋ, ಅನುಮತಿ ಕೊಡಬೇಕೋ: ಸಿಸಿ0, ಅನ್‌ಲೈಸೆನ್ಸ್, 0ಬಿಎಸ್‌ಡಿ, ಎಂಐಟಿ

ನಿಮ್ಮ ಕೋಡನ್ನು ಯಾರು ಬೇಕಾದರೂ ಬಳಸಲಿ ಎಂದಾದರೆ ದಾರಿ ಎರಡು: ಹಕ್ಕುಸ್ವಾಮ್ಯವನ್ನೇ ಬಿಟ್ಟುಕೊಡುವುದು, ಇಲ್ಲವೇ ಅದನ್ನು ಉಳಿಸಿಕೊಂಡು ಧಾರಾಳವಾಗಿ ಅನುಮತಿ ಕೊಡುವುದು. ಸಿಸಿ0, ಅನ್‌ಲೈಸೆನ್ಸ್ ಮೊದಲ ದಾರಿಯ ಸಿದ್ಧ ಕಾನೂನು ಪಠ್ಯಗಳು; ಎಂಐಟಿ, 0ಬಿಎಸ್‌ಡಿ ಎರಡನೆಯ ದಾರಿಯ ಪರವಾನಗಿಗಳು.

ಮೊದಲ ದಾರಿಯಲ್ಲಿ ತೊಡಕಿದೆ. ಜರ್ಮನಿಯಂಥ ಕಡೆ ಹಕ್ಕುಸ್ವಾಮ್ಯವನ್ನು ಪೂರ್ತಿ ತ್ಯಜಿಸಲು ಕಾನೂನೇ ಬಿಡುವುದಿಲ್ಲ. "ಇದು ಸಾರ್ವಜನಿಕ ಸ್ವತ್ತು" ಎಂದಷ್ಟೇ ಬರೆದರೆ ಅಲ್ಲಿನ ಬಳಕೆದಾರರಿಗೆ ಸ್ಪಷ್ಟ ಅನುಮತಿ ಸಿಕ್ಕಂತಾಗುವುದಿಲ್ಲ. ಸಿಸಿ0 ಇದಕ್ಕೆ ಉಪಾಯ ಮಾಡಿದೆ: ತ್ಯಾಗ ಊರ್ಜಿತವಾಗದ ಕಡೆ ಅದೇ ಪಠ್ಯ ಷರತ್ತಿಲ್ಲದ ಪರವಾನಗಿಯಾಗುತ್ತದೆ. ಆದರೆ ಪೇಟೆಂಟ್ ಹಕ್ಕನ್ನು ಬಿಟ್ಟುಕೊಟ್ಟಿಲ್ಲ ಎಂದು ಅದು ನೇರವಾಗಿಯೇ ಹೇಳುತ್ತದೆ. ಈ ಕಾರಣಕ್ಕೇ ಫೆಡೋರಾ ಎಂಬ ಲಿನಕ್ಸ್ ಯೋಜನೆ 2022ರಲ್ಲಿ ಹೊಸ ಕೋಡ್‌ಗೆ ಅದನ್ನು ಒಪ್ಪುವುದನ್ನು ನಿಲ್ಲಿಸಿತು. ದತ್ತಾಂಶಕ್ಕೆ, ಚಿತ್ರಗಳಿಗೆ ಸಿಸಿ0 ಚೆನ್ನ; ಕೋಡ್‌ಗೆ ಬೇಡ.

ಅನ್‌ಲೈಸೆನ್ಸ್ ಚಿಕ್ಕದು, ಓದಲು ಸುಲಭ. ಆದರೆ ತ್ಯಾಗ ಬಿದ್ದುಹೋದರೆ ಮುಂದೇನು ಎಂಬುದನ್ನು ಸಿಸಿ0ಯಷ್ಟು ಬಿಡಿಸಿ ಹೇಳಿಲ್ಲ.

ಎಂಐಟಿಯಲ್ಲಿ ಷರತ್ತು ಒಂದೇ: ಪ್ರತಿಗಳಲ್ಲಿ ಹಕ್ಕುಸ್ವಾಮ್ಯದ ಸಾಲು ಮತ್ತು ಪರವಾನಗಿ ಪಠ್ಯ ಉಳಿಯಬೇಕು. ಇಪ್ಪತ್ತು ಸಾಲಿನ ತುಣುಕನ್ನು ನಕಲು ಮಾಡುವವರು ಇದನ್ನು ಮರೆತೇಬಿಡುತ್ತಾರೆ. ಅಂಥ ತುಣುಕುಗಳಿಗೆ 0ಬಿಎಸ್‌ಡಿಯೇ ನಮ್ಮ ಆಯ್ಕೆ. ಆ ಷರತ್ತೂ ಅದರಲ್ಲಿಲ್ಲ, ತ್ಯಾಗದ ಗೊಂದಲವೂ ಇಲ್ಲ. ಪೇಟೆಂಟ್ ಚಿಂತೆ ಇದ್ದರೆ ಮಾತ್ರ, ಪೇಟೆಂಟ್ ಅನುಮತಿಯನ್ನೂ ಸ್ಪಷ್ಟವಾಗಿ ಕೊಡುವ ಅಪಾಚೆ 2.0 ಪರವಾನಗಿ.

ಯಾವುದನ್ನೇ ಆರಿಸಿದರೂ ಪೂರ್ಣ ಪಠ್ಯವನ್ನು ಮೂಲ ಫೋಲ್ಡರಿನಲ್ಲಿ ಇಡಿ, ಪ್ರತಿ ಕಡತದ ತಲೆಯಲ್ಲಿ ಎಸ್‌ಪಿಡಿಎಕ್ಸ್ ಗುರುತಿನ ಸಾಲು (ಯಾವ ಪರವಾನಗಿ ಎಂಬುದನ್ನು ಪ್ರಮಾಣಿತ ಚಿಕ್ಕ ಹೆಸರಿನಲ್ಲಿ ಹೇಳುವ ಸಾಲು) ಸೇರಿಸಿ. ಬೇರೆಯವರು ಬರೆದ ಭಾಗಗಳಿದ್ದರೆ ಅವರ ಒಪ್ಪಿಗೆ ಮೊದಲು ಪಡೆಯಿರಿ. ಕೆಲಸದ ವೇಳೆಯಲ್ಲಿ ಬರೆದದ್ದಾದರೆ ಹಕ್ಕು ನಿಮ್ಮದಲ್ಲದೆ ಕಂಪನಿಯದೇ ಆಗಿರಬಹುದು.