ಬಯೋಚಾರ್: 3 ವರ್ಷ ಬಳಸಿದ ಮೇಲೆ ನನ್ನ ಲೆಕ್ಕ

ಬನಶಂಕರಿಯಲ್ಲಿ ನಮ್ಮ ಮನೆ. ಟೆರೇಸ್ ಮೇಲೆ 22 ಗ್ರೋ ಬ್ಯಾಗ್, ಹಸಿ ಕಸಕ್ಕೆ 2 ಡ್ರಮ್. 3 ವರ್ಷದ ಹಿಂದೆ ಆನ್‌ಲೈನ್‌ನಲ್ಲಿ 5 ಕೆಜಿ ಬಯೋಚಾರ್, ಅಂದರೆ ಮಣ್ಣಿಗೆ ಬೆರೆಸುವ ಇದ್ದಿಲು, ತರಿಸಿದೆ. ಚೀಲದ ಮೇಲೆ "ನೇರವಾಗಿ ಮಣ್ಣಿಗೆ ಬೆರೆಸಿ" ಅಂತ ಬರೆದಿತ್ತು, ಹಾಗೇ ಬೆರೆಸಿದೆ. 3 ವಾರಕ್ಕೆ ಮೆಂತ್ಯ ಸೊಪ್ಪೆಲ್ಲಾ ಹಳದಿ. ಇದ್ದಿಲಿನ ತುಂಬ ಸಣ್ಣ ಸಣ್ಣ ತೂತು, ಖಾಲಿ ಇದ್ದಾಗ ಅದು ಗಿಡಕ್ಕೆ ಸೇರಬೇಕಾದ ಸಾರಜನಕವನ್ನೂ ಹಿಡಿದುಕೊಳ್ಳುತ್ತದೆ. ಅದಕ್ಕೆ ಮೊದಲೇ ಗೊಬ್ಬರದ ಸಾರದಿಂದ ಅದರ ಹೊಟ್ಟೆ ತುಂಬಿಸಿ ಆಮೇಲೆ ಮಣ್ಣಿಗೆ ಹಾಕಬೇಕು. ಈ ಒಂದು ಸಾಲು ಚೀಲದ ಮೇಲೆ ಇದ್ದಿದ್ದರೆ ನನ್ನ ಮೆಂತ್ಯ ಉಳಿಯುತ್ತಿತ್ತು.

ಆಮೇಲೆ ಉಳಿದಿದ್ದನ್ನು ನೆನೆಸಿ ಒಂದು ಡ್ರಮ್‌ಗೆ ಮಾತ್ರ ಹಾಕತೊಡಗಿದೆ, 10 ಬಕೆಟ್ ಕಸಕ್ಕೆ 1 ಬಕೆಟ್. (ಒಣಗಿದ್ದನ್ನು ಸುರಿಯಬೇಡಿ, ಆ ಪುಡಿ ಮೂಗಿಗೆ ಹೋದರೆ ಎರಡು ದಿನ ಕೆಮ್ಮು.) ಅವರೆಕಾಯಿ ಸೀಸನ್ ಬಂತು ನೋಡಿ, ನಿಜವಾದ ಪರೀಕ್ಷೆ ಅದೇ. ದಿನಾ ಬುಟ್ಟಿ ತುಂಬ ಸಿಪ್ಪೆ, ಜೊತೆಗೆ ಸೊಪ್ಪಿನ ದಂಟು, ಸೋರೆಕಾಯಿ ತಿರುಳು, ಎಲ್ಲದರಲ್ಲೂ ನೀರೇ ಜಾಸ್ತಿ. ಹಸಿ ಕಸದ ಜೊತೆ ಇದ್ದಿಲಿಲ್ಲದೆ ಬರೀ ಒಣ ಎಲೆ ಹಾಕಿದ ಡ್ರಮ್ ನಾರುತ್ತಿತ್ತು, ಕೆಳಗೆ ಕಪ್ಪು ನೀರು ಸೋರುತ್ತಿತ್ತು. ಇದ್ದಿಲು ಹಾಕಿದ್ದರಲ್ಲಿ ವಾಸನೆ ಎಷ್ಟೋ ಕಡಿಮೆ. ಇದಕ್ಕೆ ಪೂರ್ತಿ ಮಾರ್ಕ್ಸ್.

ಗೊಬ್ಬರ ಆದ ಮೇಲೆ ಅಳೆದರೆ ಇದ್ದಿಲಿಲ್ಲದ ಡ್ರಮ್‌ನಲ್ಲಿ 2 ಬಕೆಟ್, ಇದ್ದಿಲಿದ್ದದ್ದರಲ್ಲಿ 3! ಮನೆಯವರಿಗೆಲ್ಲ ಹೇಳಿಕೊಂಡು ಓಡಾಡಿದೆ. ರಾತ್ರಿ ಹೊಳೆಯಿತು, ಆ 3ರಲ್ಲಿ 1 ಬಕೆಟ್ ನಾನೇ ಹಾಕಿದ ಇದ್ದಿಲು ಅಲ್ವಾ?

ಇದೇ ಮೋಸ ಮಣ್ಣಿನ ರಿಪೋರ್ಟ್‌ನಲ್ಲೂ ಆಗಬಹುದು. ಆರ್ಗ್ಯಾನಿಕ್ ಕಾರ್ಬನ್ (ಸಾವಯವ ಇಂಗಾಲ) 0.5 ಶೇಕಡಾದ ಕೆಳಗಿದ್ದರೆ ಕಡಿಮೆ, 0.75 ಶೇಕಡಾ ದಾಟಿದರೆ ಚೆನ್ನಾಗಿದೆ ಅನ್ನುತ್ತಾರೆ. ಆದರೆ ಮಣ್ಣನ್ನು ಸುಟ್ಟು ತೂಕ ನೋಡುವ ವಿಧಾನದಲ್ಲಿ ಇದ್ದಿಲೂ ಸುಟ್ಟುಹೋಗಿ ಸಾವಯವ ಅಂಶದ ಲೆಕ್ಕಕ್ಕೇ ಸೇರುತ್ತದೆ. ಡೈಕ್ರೋಮೇಟ್ ಅನ್ನೋ ರಾಸಾಯನಿಕ ಹಾಕಿ ಮಾಡುವ ಪರೀಕ್ಷೆಯಲ್ಲಿ ಅದರ ಸ್ವಲ್ಪ ಭಾಗ ಮಾತ್ರ ಸಿಗುತ್ತದೆ. ಯಾವ ವಿಧಾನ ಅಂತ ಕೇಳಿಕೊಂಡು ಆಮೇಲೆ ಖುಷಿಪಡಿ.

ಹಾಗಾದರೆ ಉಪಯೋಗ ಇಲ್ಲವಾ? ಇದೆ, ಆದರೆ ನಿಧಾನ. ತರಕಾರಿ ಸಿಪ್ಪೆ ಕೊಳೆಯುವುದು ಅಂದರೆ ಸೂಕ್ಷ್ಮಜೀವಿಗಳು ಅದನ್ನು ತಿನ್ನುವುದು. ತಿಂದ ಇಂಗಾಲದಲ್ಲಿ ಬಹುಪಾಲು ಗಾಳಿಗೆ ಹೋಗುತ್ತದೆ, ಮಣ್ಣಿಗೆ ಉಳಿಯುವುದು ಸ್ವಲ್ಪವೇ. ನಮ್ಮ ಟೆರೇಸ್ ಬಿಸಿಲಿಗೆ, ದಿನಾ ನೀರು ಹಾಕುವುದಕ್ಕೆ, ಅದೂ ಬೇಗ ಕರಗುತ್ತದೆ. ಬಯೋಚಾರ್ ಹಾಗಲ್ಲ. ಗಾಳಿ ಹೆಚ್ಚು ಆಡದ ಹಾಗೆ 350ರಿಂದ 700 ಡಿಗ್ರಿ ಶಾಖದಲ್ಲಿ ಸುಟ್ಟದ್ದು, ಜೀವಿಗಳಿಗೆ ಅಷ್ಟು ಸುಲಭದ ಊಟವಲ್ಲ, ಅದರ ಹೆಚ್ಚಿನ ಭಾಗ ನೂರಾರು ವರ್ಷ ಉಳಿಯಬಲ್ಲದು. ಹೊಸದಾಗಿ ಹಾಕಿದಾಗ ಕೆಲವು ಮಣ್ಣಿನಲ್ಲಿ ಮೊದಲೇ ಇದ್ದ ಸಾವಯವ ಅಂಶ ಇನ್ನೂ ಬೇಗ ಕೊಳೆಯುವುದೂ ಉಂಟು. ಕಾಲ ಕಳೆದಂತೆ, ಕೊಳೆತು ಬಂದ ಅಂಶ ಇದ್ದಿಲಿನ ಮೈಗೂ ತೂತಿಗೂ ಅಂಟಿಕೊಂಡು ಜೀವಿಗಳ ಬಾಯಿಂದ ತಪ್ಪಿಸಿಕೊಳ್ಳುತ್ತದೆ.

ನನ್ನ ಬ್ಯಾಗ್‌ಗಳಲ್ಲಿ ಕಂಡದ್ದು: ಬರೀ ಗೊಬ್ಬರದ ಬ್ಯಾಗ್‌ನಲ್ಲಿ ಮಣ್ಣು ವರ್ಷಕ್ಕೆ 4 ಇಂಚು ಕುಸಿಯುತ್ತಿತ್ತು, ಇದ್ದಿಲು ಬೆರೆತದ್ದರಲ್ಲಿ 2. ಏಪ್ರಿಲ್‌ನಲ್ಲೂ ಒಂದು ದಿನ ನೀರು ತಪ್ಪಿಸಿದರೆ ನಡೆಯುತ್ತಿತ್ತು. ಇಳುವರಿ ಮಾತ್ರ ಮೊದಲ ವರ್ಷ ಏನೂ ಹೆಚ್ಚಲಿಲ್ಲ. ಮನೆಯ ಗೊಬ್ಬರ ಬಿಟ್ಟು ಇದೊಂದನ್ನೇ ಹಾಕಿದರೆ ದುಡ್ಡು ದಂಡ. 5ಕ್ಕೆ 3 ಸ್ಟಾರ್.

ಬೆಲೆ ಕೇಳಿದಾಗ ನಮ್ಮಮ್ಮ "ಇದ್ದಿಲಿಗೆ ಇಷ್ಟೊಂದು ಕೊಟ್ಯಾ?" ಅಂದರು. ಎರಡನೇ ಚೀಲ ತರಿಸಲಿಲ್ಲ. ರಸ್ತೆ ತುದಿಯ ಇಸ್ತ್ರಿ ಬಂಡಿಯವರು ಚೀಲದ ತಳದ ಇದ್ದಿಲು ಪುಡಿ ಸುಮ್ನೆ ಕೊಡುತ್ತಾರೆ. ಬೂದಿ ಜರಡಿ ಹಿಡಿದು ತೆಗೆದು, ಡ್ರಮ್‌ನ ಕಪ್ಪು ನೀರಲ್ಲೇ 15 ದಿನ ನೆನೆಸಿಡುತ್ತೇನೆ.