ನಮ್ಮೂರ ಆರೋಗ್ಯ ಉಪಕೇಂದ್ರ: ಹೊಳೆ ಬಂದಾಗ ಕಂಡದ್ದು

ಚಿಕ್ಕೋಡಿ ಕಡೆ ಕೃಷ್ಣಾ ಹೊಳೆಯ ದಂಡೆಗಿರುವ ಊರು ನಮ್ಮದು. ಇಲ್ಲಿ ಒಂದು ಹನಿ ಮಳೆ ಬೀಳದಿದ್ದರೂ ಕೊಯ್ನಾ, ಮಹಾಬಳೇಶ್ವರದ ಕಡೆ ಜೋರು ಹಿಡಿದರೆ ಹೊಳೆ ಏರುತ್ತದೆ. ಹೊಳೆ ದಾಟುವ ಕಲ್ಲೋಳ-ಯಡೂರ ಬಾಂದಾರ (ಸೇತುವೆಯೂ ಆಗಿರುವ ಒಡ್ಡು) ಮುಳುಗಿತೆಂದು ಮೊಬೈಲಿಗೆ ಸುದ್ದಿ ಬಂದರೆ ನಮ್ಮವ್ವ ಮೊದಲು ತನ್ನ ಇನ್ಸುಲಿನ್ ಬಾಟಲಿ ಹುಡುಕುತ್ತಾಳೆ. ಹನ್ನೊಂದು ವರ್ಷದ ಶುಗರ್, ದಿನಕ್ಕೆ ಎರಡು ಸಲ ಸೂಜಿ.

2019ರ ಆಗಸ್ಟಿನ ಮಹಾಪೂರದಲ್ಲಿ ರಾತ್ರೋರಾತ್ರಿ ಮನೆ ಬಿಟ್ಟೆವು. ಇನ್ಸುಲಿನ್ ಫ್ರಿಜ್‌ನಲ್ಲೇ ಉಳಿಯಿತು. ನಾವು ಸೇರಿದ ಕಾಳಜಿ ಕೇಂದ್ರದಲ್ಲಿ ಜ್ವರದ ಗುಳಿಗೆ ಇತ್ತು, ಕೆಮ್ಮಿನ ಔಷಧ ಇತ್ತು, ಇನ್ಸುಲಿನ್ ಇರಲಿಲ್ಲ. ಕೇಳಿದರೆ ‘ನಾಳೆ ತರಿಸ್ತೀವಿ’ ಅಂದರು. ಮೂರನೇ ದಿನ ಅವ್ವ ವಾಂತಿ ಮಾಡುತ್ತ ಕಣ್ಣು ಮೇಲೆ ಮಾಡಿದಳು. ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಮಲಗಿಸಿಕೊಂಡು ದವಾಖಾನೆಗೆ ಒಯ್ದಾಗ ಶುಗರ್ 480. ಆ ದಾರಿಯನ್ನು ನಾನು ಮರೆತಿಲ್ಲ. ಉಪಕೇಂದ್ರದ ಬಗ್ಗೆ ಬರೆಯಲು ಅದೇ ಕಾರಣ.

ಈಗಿನ ಸಿಸ್ಟರ್ ಬಂದದ್ದು ಆಮೇಲೆ. ಅವರ ಕೆಲಸ ಹೊಳೆ ಏರುವ ಮುಂಚೆಯೇ, ಜೂನ್‌ನಲ್ಲಿ, ಶುರುವಾಗುತ್ತದೆ. ಆಶಾ ಅಕ್ಕನನ್ನು ಕರೆದುಕೊಂಡು, ಇನ್ನೂರು ಪುಟದ ಒಂದು ನೋಟುಬುಕ್ ಹಿಡಿದು ಮನೆಮನೆಗೆ ಬರುತ್ತಾರೆ. ಯಾರಿಗೆ ಎಷ್ಟನೇ ತಿಂಗಳು, ಯಾರು ಟಿಬಿ ಗುಳಿಗೆ ತಗೋತಾರೆ, ಮೂರ್ಛೆ ಕಾಯಿಲೆ ಯಾರಿಗಿದೆ ಎಂದು ಬರೆದುಕೊಳ್ಳುತ್ತಾರೆ. ಕೊನೆಗೆ ಕೇಳುವ ಪ್ರಶ್ನೆಯನ್ನು ನಾನು ಬೇರೆಲ್ಲೂ ಕೇಳಿಲ್ಲ: “ಹೊಳಿ ಬಂದ್ರ ಯಾರ ಮನಿಗೆ ಹೋಗ್ತೀರಿ?” ನಾವು ಅತ್ತೆಯ ಊರು ಹೇಳಿದೆವು. 2024ರ ಜುಲೈ ಕೊನೆಯಲ್ಲಿ ಮತ್ತೆ ಊರು ಬಿಟ್ಟಾಗ, ಆ ಊರಿನ ಆಶಾ ನಮ್ಮ ಹೆಸರು ಹಿಡಿದು ಹುಡುಕಿಕೊಂಡು ಬಂದಳು. ಅವ್ವನ ಕಣ್ಣಲ್ಲಿ ನೀರು ಬಂತು.

ಇನ್ಸುಲಿನ್ ಇಡುವ ಉಪಾಯವನ್ನೂ ಸಿಸ್ಟರೇ ಕಲಿಸಿಕೊಟ್ಟರು. ಅಗಲ ಬಾಯಿಯ ಮಣ್ಣಿನ ಗಡಿಗೆಯಲ್ಲಿ ಅರ್ಧದಷ್ಟು ಹೊಳೆ ಉಸುಕು, ಅದರ ನಡುವೆ ಒಂದು ಸಣ್ಣ ಕುಡಿಕೆ, ಕುಡಿಕೆಯೊಳಗೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಬಾಟಲಿ, ಮೇಲೊಂದು ಒದ್ದೆ ಅರಿವೆ. ಉಸುಕಿಗೆ ಬೆಳಿಗ್ಗೆ ಸಂಜೆ ನೀರು ಚಿಮುಕಿಸಬೇಕು. “ಅವ್ವಾ, ಕರೆಂಟ್ ಹೋದ್ರ ಇದ ನಿಮ್ಮ ಫ್ರಿಜ್. ಬಾಟ್ಲಿ ಮಾತ್ರ ಒಣಾನ ಇರ್ಬೇಕ್ರಿ” ಅಂತ ಹೇಳಿ, ಅವ್ವನ ಕೈಯಲ್ಲೇ ಒಮ್ಮೆ ಮಾಡಿಸಿದರು. ಆ ಸಲ ನಾಲ್ಕು ದಿನ ಕರೆಂಟ್ ಇರಲಿಲ್ಲ. ಅವ್ವನ ಶುಗರ್ 200 ದಾಟಲಿಲ್ಲ.

ನಮ್ಮ ಓಣಿಯಲ್ಲಿ ಒಬ್ಬ ಸೊಸೆ ಒಂಬತ್ತರಲ್ಲಿದ್ದಳು. ನಾಗರ ಅಮಾಸಿ ಮುಗಿಸಿಕೊಂಡು ಹೋಗಲಿ ಅಂತ ಅತ್ತೆಯ ಹಟ. ಸಿಸ್ಟರ್ ಕಟ್ಟೆಯ ಮೇಲೆ ಕೂತವರು ಅತ್ತೆ ಹೂಂ ಅನ್ನುವವರೆಗೆ ಏಳಲಿಲ್ಲ. ತಾಯಿ ಕಾರ್ಡ್ ಸಮೇತ ಅವಳನ್ನು ತಾಲ್ಲೂಕು ದವಾಖಾನೆಯ ಹತ್ತಿರದ ಬೀಗರ ಮನೆಗೆ ಕಳಿಸಿದ ಮರುದಿನ ರಸ್ತೆಯ ಮೇಲೆ ನೀರು. 2013ರಲ್ಲಿ ಇದೇ ಕೃಷ್ಣೆಯ ಕೆಳಭಾಗದಲ್ಲಿ, ಯಾದಗಿರಿ ಜಿಲ್ಲೆಯ ನೀಲಕಂಠರಾಯನಗಡ್ಡಿಯ ತುಂಬು ಬಸುರಿಯೊಬ್ಬಳು ಒಣ ಸೋರೆಬುರುಡೆ ಕಟ್ಟಿಕೊಂಡು ತುಂಬಿದ ಹೊಳೆ ಈಜಿ ದಾಟಿದ್ದಳು. ಎಲ್ಲರೂ ಸಾಹಸ ಅಂತ ಹೊಗಳಿದರು. ನನಗೆ ಸಂಕಟವಾಗಿತ್ತು. ಅವಳ ಕಟ್ಟೆಯ ಮೇಲೆ ಹೀಗೊಬ್ಬರು ಮೊದಲೇ ಬಂದು ಕೂತಿದ್ದರೆ ಅವಳು ಈಜಬೇಕಿರಲಿಲ್ಲ.

ನೀರು ಇಳಿದ ಮೇಲೆ ಇಲಿ ಜ್ವರ ಬಾರದಂತೆ, ಕೆಸರಲ್ಲಿ ಕೆಲಸ ಮಾಡುವವರಿಗೆ ವಾರಕ್ಕೊಮ್ಮೆ 200 ಮಿಲಿಗ್ರಾಂ ಡಾಕ್ಸಿಸೈಕ್ಲಿನ್ ಕೊಟ್ಟರು. ಬಸುರಿಯರಿಗೆ, ಸಣ್ಣ ಮಕ್ಕಳಿಗೆ ಕೊಡಲಿಲ್ಲ. ‘ಊಟ ಆಗೇತೇನು’ ಅಂತ ಕೇಳಿ, ತಮ್ಮೆದುರೇ ನುಂಗಿಸಿದರು. ಓಆರ್‌ಎಸ್, ಬ್ಲೀಚಿಂಗ್ ಪುಡಿಗೆ ಕೊರತೆಯಾಗಲಿಲ್ಲ.

ಇನ್ನು ಕೊರತೆ. ಕಟ್ಟಡಕ್ಕೆ ಆಯುಷ್ಮಾನ್ ಆರೋಗ್ಯ ಮಂದಿರ ಅಂತ ಹೊಸ ಬಣ್ಣ, ಹೊಸ ಬೋರ್ಡು ಬಂದಿದೆ. ಆದರೆ ಪಾಯ ಎರಡೇ ಮೆಟ್ಟಿಲು ಎತ್ತರ. ಮೊಣಕಾಲುದ್ದ ನೀರು ನುಗ್ಗಿದಾಗ ಸಿಸ್ಟರ್ ಮತ್ತು ಆಶಾ ಔಷಧದ ಡಬ್ಬಿಗಳನ್ನು ತಲೆ ಮೇಲೆ ಹೊತ್ತು ಶಾಲೆಯ ಮಾಳಿಗೆಗೆ ಸಾಗಿಸಿದರು. ಆ ಆಶಾಗೆ ಸಂಬಳವಿಲ್ಲ, ಗೌರವಧನ ಮಾತ್ರ. ಇದು ನ್ಯಾಯವಲ್ಲ.

ಇನ್ನೂ ದೊಡ್ಡ ಭಯ ಹಾವಿನದು. ಹೊಳೆ ಇಳಿದಾಗ ಕಬ್ಬಿನ ರವದಿಯಲ್ಲಿ, ಕಣಕಿ ಬಣವೆಯಲ್ಲಿ ಹಾವು ಸೇರಿಕೊಂಡಿರುತ್ತವೆ. ಉಪಕೇಂದ್ರದಲ್ಲಿ ಹಾವಿನ ವಿಷ ಇಳಿಸುವ ಇಂಜೆಕ್ಷನ್ ಇಲ್ಲ. ಡಾಕ್ಟರ್ ಇಲ್ಲದೆ ಕೊಡುವಂಥದ್ದೂ ಅಲ್ಲ. 2024ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ಘೋಷಿಸಿತು. ಒಳ್ಳೆಯದು. ಬಾಂದಾರ ಮುಳುಗಿರುವಷ್ಟು ದಿನ ಒಬ್ಬ ಡಾಕ್ಟರನ್ನೂ ಆ ಇಂಜೆಕ್ಷನ್ನನ್ನೂ ಹೊಳೆಯ ಈಚೆ ಇರಿಸಿದರೆ ನಮ್ಮ ಜೀವಕ್ಕೆ ಧೈರ್ಯ.

ಐದಕ್ಕೆ ನಾಲ್ಕು ಕೊಡುತ್ತೇನೆ. ಕಳೆದ ಒಂದು ಅಂಕ ಕಟ್ಟಡಕ್ಕೆ ಮತ್ತು ಆ ಇಂಜೆಕ್ಷನ್‌ಗೆ, ಸಿಸ್ಟರಿಗೆ ಅಲ್ಲ. ಊರಿಗೆ ಹೊಸದಾಗಿ ಬಂದವರು, ಕಬ್ಬು ಕಡಿಯಲು ಬಂದು ಇಲ್ಲೇ ಉಳಿದವರು ಜೂನ್ ಮುಗಿಯುವುದರೊಳಗೆ ಹೋಗಿ ಆ ನೋಟುಬುಕ್ಕಿನಲ್ಲಿ ಹೆಸರು ಬರೆಸಿ. ಗುರುವಾರ ಬೇಡ, ಅವತ್ತು ಮಕ್ಕಳ ಲಸಿಕೆ ಇರುತ್ತದೆ.