ಕಾರಿನ ಎಸಿಗೆ ಅಗ್ಗದ ಗ್ಯಾಸ್ ತುಂಬಿಸುವ ಮುನ್ನ

ಕಳೆದ ಏಪ್ರಿಲ್‌ನಲ್ಲಿ ರಾಯಚೂರಿನ ಬಿಸಿಲು ಏರುತ್ತಿದ್ದಾಗಲೇ ನನ್ನ ಹಳೆಯ ಕಾರಿನ ಎಸಿ ಬರೀ ಬಿಸಿಗಾಳಿ ಊದತೊಡಗಿತು. ಬೇರೆ ಕಡೆ ಎರಡು ಸಾವಿರ ಹೇಳಿದ ಕೆಲಸವನ್ನು ಒಂದು ಸಣ್ಣ ಗ್ಯಾರೇಜಿನಲ್ಲಿ ಒಂಬೈನೂರಕ್ಕೆ ಮುಗಿಸಿದರು. ವ್ಯಾಕ್ಯೂಮ್ ಮಾಡಲಿಲ್ಲ, ಅಂದರೆ ಪೈಪಿನೊಳಗಿನ ಗಾಳಿಯನ್ನು ಹೊರಗೆಳೆಯಲಿಲ್ಲ, ಗ್ಯಾಸಿನ ತೂಕ ನೋಡಲಿಲ್ಲ. ಚೀಟಿ ಕಿತ್ತುಹೋದ ಸಿಲಿಂಡರಿನಿಂದ ನೇರವಾಗಿ ಪೈಪು ಹಚ್ಚಿದರು. ಯಾವ ಗ್ಯಾಸ್ ಎಂದು ಕೇಳಿದ್ದಕ್ಕೆ, ‘ಮನೆಯ ಫ್ರಿಜ್ಜಿನಲ್ಲಿ ಇರುವಂಥದ್ದೇ ಸರ್’ ಎಂದರು. ಹತ್ತು ನಿಮಿಷದಲ್ಲಿ ಕಾರು ಮೊದಲಿಗಿಂತ ತಣ್ಣಗಾಯಿತು. ನಾನು ಮೋಸಹೋದದ್ದು ಆ ತಂಪಿಗೇ.

ಮೂರು ವಾರದ ನಂತರ ಸಿಂಧನೂರಿಗೆ ನಿಶ್ಚಿತಾರ್ಥಕ್ಕೆ ಹೊರಟಿದ್ದೆವು. ಮಾನ್ವಿ ದಾಟಿದ ಮೇಲೆ ಹಿಂದಿನ ಸೀಟಿನಿಂದ ಅಮ್ಮ, ‘ಒಲೆಯ ಗ್ಯಾಸ್ ಬಿಟ್ಟಂತೆ ವಾಸನೆ ಬರುತ್ತಿದೆಯಲ್ಲಪ್ಪಾ’ ಎಂದರು. ಅದೇ ಹೊತ್ತಿಗೆ ಪಕ್ಕದಲ್ಲಿದ್ದ ಮಾವ ಬೀಡಿ ತುಟಿಗಿಟ್ಟು ಬೆಂಕಿಪೆಟ್ಟಿಗೆ ಅರ್ಧ ತೆರೆದಿದ್ದರು. ಕಡ್ಡಿ ಬೆರಳಲ್ಲಿತ್ತು. ‘ಬೇಡ ಮಾವ!’ ಎಂದು ಕೂಗಿ ಕಾರು ನಿಲ್ಲಿಸಿದೆ. ನಾಲ್ಕೂ ಬಾಗಿಲು ತೆರೆದಿಟ್ಟು, ಕಾಲುವೆಯ ಪಕ್ಕದ ಬಿಸಿಲಿನಲ್ಲಿ ಅರ್ಧ ಗಂಟೆ ಕಾರಿನಿಂದ ದೂರ ನಿಂತೆವು. ಆ ಕಡ್ಡಿ ಇಂದಿಗೂ ನನ್ನ ಕಣ್ಣಮುಂದಿದೆ.

ಬಳ್ಳಾರಿಯ ಒಂದು ಎಸಿ ವರ್ಕ್‌ಶಾಪ್‌ನಲ್ಲಿ ಪರೀಕ್ಷಿಸಿದಾಗ ಒಳಗಿದ್ದುದು ಬಹುಪಾಲು ಹೈಡ್ರೋಕಾರ್ಬನ್, ಅಂದರೆ ಅಡುಗೆ ಅನಿಲದ ಜಾತಿಯದು. ಗ್ಯಾಸ್ ಹೊರತೆಗೆದು ತುಂಬುವ ತಮ್ಮ ಯಂತ್ರವನ್ನು ಅದಕ್ಕೆ ಜೋಡಿಸಲು ಅವರು ಒಪ್ಪಲೇ ಇಲ್ಲ. ಆ ಬೆರಕೆ ಯಂತ್ರದೊಳಕ್ಕೆ ಹೋದರೆ ಅವರಲ್ಲಿದ್ದ ಶುದ್ಧ ಗ್ಯಾಸೂ ಕೆಡುತ್ತದೆ. ಅದನ್ನು ಬೇರೆಯಾಗಿ ತೆಗೆದು, ತೇವ ಹೀರುವ ಡ್ರೈಯರ್ ಮತ್ತು ಎಣ್ಣೆ ಬದಲಿಸಿ ಕೊಟ್ಟರು. ಉಳಿಸಿದ್ದೇನೆಂದುಕೊಂಡ ದುಡ್ಡಿನ ಹಲವು ಪಟ್ಟು ಅಲ್ಲಿ ಹೋಯಿತು.

ಫ್ರಿಜ್ಜಿನ ಮಾತು ಪೂರ್ತಿ ಸುಳ್ಳಲ್ಲ, ಅದಕ್ಕೇ ಅಪಾಯಕಾರಿ. ಈಗಿನ ಬಹಳಷ್ಟು ಫ್ರಿಜ್ಜುಗಳಲ್ಲಿ ಇರುವುದು ಆರ್-600ಎ, ಅಂದರೆ ಐಸೋಬ್ಯೂಟೇನ್, ಅದೂ ಉರಿಯುತ್ತದೆ. ಆದರೆ ಅಲ್ಲಿ ಅದರ ಪ್ರಮಾಣ ಸಾಮಾನ್ಯವಾಗಿ ನೂರು ಗ್ರಾಂಗೂ ಕಡಿಮೆ, ಪೈಪುಗಳೆಲ್ಲ ಬೆಸುಗೆ ಹಾಕಿದವು, ಕಂಪ್ರೆಸರ್ ಡಬ್ಬಿಯೊಳಗೆ ಮುಚ್ಚಿಟ್ಟದ್ದು. ಕಾರಿನಲ್ಲಿ ಬೆಲ್ಟಿನಿಂದ ತಿರುಗುವ ಕಂಪ್ರೆಸರ್, ರಬ್ಬರ್ ಹೋಸು, ದಿನವಿಡೀ ಕುಲುಕಾಟ. ತಂಪು ಮಾಡುವ ಕಾಯಿಲ್ ಡ್ಯಾಶ್‌ಬೋರ್ಡಿನ ಹಿಂದೆಯೇ ಇರುತ್ತದೆ. ಅದು ಸೋರಿದರೆ ಗ್ಯಾಸ್ ನೇರವಾಗಿ ನಾವು ಕುಳಿತಲ್ಲಿಗೇ ಬರುತ್ತದೆ.

ನನ್ನ ಕಾರಿಗೆ ಬೇಕಿದ್ದುದು ಆರ್-134ಎ. ಸಾಮಾನ್ಯ ಸ್ಥಿತಿಯಲ್ಲಿ ಅದಕ್ಕೆ ಬೆಂಕಿ ಹತ್ತುವುದಿಲ್ಲ. ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಮುಂದಿದೆ. ಹಾಗಾಗಿ ಹಲವು ದೇಶಗಳ ಹೊಸ ಕಾರುಗಳಿಗೆ 1234ವೈಎಫ್ ಎಂಬ ಗ್ಯಾಸ್ ಬಂದಿದೆ. ಇದು ಸ್ವಲ್ಪ ಉರಿಯುವಂಥದ್ದು, ಆದರೆ ಆ ಕಾರುಗಳನ್ನು ಅದಕ್ಕೆಂದೇ ರೂಪಿಸಿರುತ್ತಾರೆ. ಮನೆಯ ಹಳೆಯ ಎಸಿಗಳ ಆರ್-22 ಗ್ಯಾಸನ್ನು ಕಾರಿಗೆ ತುಂಬುವವರೂ ಇದ್ದಾರೆಂದು ವರ್ಕ್‌ಶಾಪ್‌ನವರು ಹೇಳಿದರು. 50 ಡಿಗ್ರಿಯಲ್ಲಿ 134ಎಯ ಒತ್ತಡ ಸುಮಾರು 13 ಬಾರ್ ಇದ್ದರೆ ಆರ್-22ರದು 19. ನಮ್ಮ ಬೇಸಿಗೆಯಲ್ಲಿ ಹೋಸು, ಕಂಪ್ರೆಸರುಗಳ ಮೇಲೆ ಅಷ್ಟೂ ಹೆಚ್ಚಿನ ಒತ್ತಡ ಬೀಳುತ್ತದೆ.

ಬಾನೆಟ್ ಎತ್ತಿ ನೋಡಿ, ಯಾವ ಗ್ಯಾಸ್, ಎಷ್ಟು ಗ್ರಾಂ ಎಂಬ ಚೀಟಿ ಅಲ್ಲಿ ಅಂಟಿಸಿರುತ್ತದೆ. ಸಿಲಿಂಡರಿನ ಮೇಲೂ ಅದೇ ಹೆಸರಿರಬೇಕು, ತಕ್ಕಡಿಯ ಮೇಲಿಟ್ಟೇ ತುಂಬಬೇಕು. ಈಗಾಗಲೇ ಹೀಗೆ ಅಗ್ಗಕ್ಕೆ ತುಂಬಿಸಿಕೊಂಡಿದ್ದರೆ, ಮನೆಯವರನ್ನು ಕೂರಿಸಿಕೊಂಡು ಗಾಜು ಏರಿಸುವ ಮೊದಲು ದಯವಿಟ್ಟು ಒಮ್ಮೆ ಪರೀಕ್ಷೆ ಮಾಡಿಸಿ.